ಹೊರಗಿನ ನಳ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕಳುಹಿಸಬೇಕೆಂದು ಶಾಲೆಯಿಂದ ಪತ್ರ ಬಂದಾಗ ನಾನು ಹಲವು ದಿನ ಸುಮ್ಮನಿದ್ದೆನು. ನನ್ನ ಸಹಪಾಠಿಗಳಲ್ಲಿ ಅನೇಕರು ಅಧ್ಯಾಪಕರಾಗಿ, ವೈದ್ಯರಾಗಿ, ಅಧಿಕಾರಿಗಳಾಗಿ ನಾಡಿಗೆ ಉಪಕಾರ ಮಾಡಿದವರು. ನಾನಾದರೋ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಯಂತ್ರಗಳ ನಡುವೆ ದುಡಿದು ನಿವೃತ್ತನಾದವನು. ಹೇಳಿಕೊಳ್ಳುವಂಥ ಸಾಧನೆ ನನ್ನಲ್ಲಿಲ್ಲ. ಆದರೆ ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ನಾನು ತಪ್ಪದೆ ಮಾಡುವ ಒಂದು ಕೆಲಸವಿದೆ. ಅದನ್ನು ಕಲಿಯುವಾಗ ನನ್ನಿಂದಾದ ಒಂದು ತಪ್ಪೂ ಇದೆ. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

2010ರಲ್ಲಿ ನಾವು ಹಳೆಯದೊಂದು ಟ್ರಾವೆಲ್ ಟ್ರೇಲರನ್ನು ಕೊಂಡೆವು. ಇದು ಮೋಟಾರು ವಾಹನದ ಹಿಂದೆ ಜೋಡಿಸಿ ಎಳೆದೊಯ್ಯುವ ಗಾಲಿಯ ಮನೆ. 22 ಅಡಿ ಉದ್ದದ ಆ ಪೆಟ್ಟಿಗೆಯೊಳಗೆ ಮಲಗುವ ಮಂಚ, ಅಡಿಗೆಯ ಕಟ್ಟೆ, ಬಚ್ಚಲು, ಶೌಚಾಲಯ ಎಲ್ಲವೂ ಇದ್ದವು. ಬೇಸಿಗೆಯಲ್ಲಿ ಅದನ್ನು ಕಟ್ಟಿಕೊಂಡು ಸುಪೀರಿಯರ್ ಸರೋವರದ ದಂಡೆಗೆ, ದಕ್ಷಿಣ ಡಕೋಟದ ಬ್ಯಾಡ್‌ಲ್ಯಾಂಡ್ಸ್‌ಗೆ, ಯೆಲ್ಲೊಸ್ಟೋನ್ ಉದ್ಯಾನಕ್ಕೆ ಹೋಗಿಬರಬೇಕೆಂಬುದು ನನ್ನ ಮಡದಿಯ ಬಹುದಿನದ ಆಸೆಯಾಗಿತ್ತು. ಪರಸ್ಥಳದಲ್ಲಿಯೂ ತನ್ನ ಒಲೆಯ ಮೇಲೆ ತಾನೇ ರೊಟ್ಟಿ ಬಡಿಯಬಹುದೆಂಬುದು ಅವಳ ಸಂತೋಷ.

ಬೇಸಿಗೆಯ ಈ ಸುಖಕ್ಕೆ ಶರತ್ಕಾಲದಲ್ಲಿ ತೆರಬೇಕಾದ ಸುಂಕವೊಂದಿದೆ. ಮಿನೆಸೋಟದ ಚಳಿಯನ್ನು ನಮ್ಮ ನಾಡಿನಲ್ಲಿ ಕುಳಿತು ಊಹಿಸುವುದು ಕಷ್ಟ. 1996ರ ಫೆಬ್ರವರಿ 2ರಂದು ಟವರ್ ಎಂಬ ಊರಿನ ಬಳಿ ಉಷ್ಣತೆಯು ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಜನವಸತಿಯ ಮನೆಗಳನ್ನು ಚಳಿಗಾಲವಿಡೀ ಬೆಚ್ಚಗಿಡುತ್ತಾರೆ. ಅಂಗಳದಲ್ಲಿ ನಿಲ್ಲಿಸಿದ ಟ್ರೇಲರಿಗೆ ಆ ಭಾಗ್ಯವಿಲ್ಲ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರವು ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಕೊಳವೆಯೊಳಗೆ ಬೆಳೆದ ಮಂಜುಗಡ್ಡೆಯು ಉಳಿದ ನೀರನ್ನು ಮುಚ್ಚಿದ ನಳದ ಕಡೆಗೆ ಒತ್ತುತ್ತದೆ. ಹೋಗಲು ದಾರಿಯಿಲ್ಲದ ಆ ನೀರಿನ ಒತ್ತಡಕ್ಕೆ ನಳವೋ ಕೀಲೋ ಸೀಳುತ್ತದೆ. ಆದುದರಿಂದ ಚಳಿ ಬಲಿಯುವ ಮೊದಲೇ ಟ್ರೇಲರಿನೊಳಗಿನ ನೀರನ್ನೆಲ್ಲ ಹೊರಹಾಕಬೇಕು. ಶಾಲೆಯ ಪ್ರಸಾದನಿಲಯದಲ್ಲಿದ್ದಾಗ ಬೇಸಿಗೆಯ ದಿನಗಳಲ್ಲಿ ಸರದಿಯಂತೆ ಬಾವಿಯಿಂದ ನೀರು ಸೇದಿ ತೊಟ್ಟಿ ತುಂಬಿಸುತ್ತಿದ್ದ ನಮಗೆ, ಒಂದು ಹನಿಯನ್ನು ಉಳಿಸಿದರೆ ಅದೇ ಪುಣ್ಯವಾಗಿತ್ತು. ಇಲ್ಲಿ ಒಂದು ಬೊಗಸೆ ನೀರು ಉಳಿದರೆ ಅದೇ ಹಾನಿ.

ಮೊದಲ ವರ್ಷ ನಾನು ಯಾರನ್ನೂ ಕೇಳಲಿಲ್ಲ. ಎಂಜಿನಿಯರನಾದ ನನಗೆ ನಾಲ್ಕು ಕೊಳವೆಗಳ ಸಂಗತಿ ತಿಳಿಯದೆ ಎಂಬ ಗರ್ವವಿತ್ತು. ತೊಟ್ಟಿಯನ್ನು ಬರಿದು ಮಾಡಿದೆ. ನೆಲದ ಕೆಳಗಿನ ತಗ್ಗು ಸ್ಥಳದಲ್ಲಿ ಬಿಸಿನೀರಿಗೊಂದು, ತಣ್ಣೀರಿಗೊಂದು ಇರುವ ಬಿರಡೆಗಳನ್ನು ತೆರೆದೆ. ಒಳಗಿನ ನಳಗಳನ್ನೆಲ್ಲ ತಿರುಗಿಸಿ ಗಾಳಿಗೆ ದಾರಿ ಮಾಡಿಕೊಟ್ಟೆ. ನೀರು ಸುರಿದು ನಿಂತಿತು. ಕೈ ಒರೆಸಿಕೊಂಡು ಮೇಲೆದ್ದಾಗ, ಮೆಟ್ಟಿಲ ಮೇಲೆ ನಿಂತಿದ್ದ ಮಡದಿ ಕೇಳಿದಳು: "ರೀ, ಹೊರಗಿನ ನಳ ತೆಗೀಲೇ ಇಲ್ಲಲ್ಲ?"

ಟ್ರೇಲರಿನ ಹೊರಗೋಡೆಯಲ್ಲಿ ಪುಟ್ಟ ಬಾಗಿಲೊಂದರ ಹಿಂದೆ ಎರಡು ನಳಗಳೂ ಒಂದು ಕೈಷವರೂ ಇರುತ್ತವೆ. ಸರೋವರದಲ್ಲಿ ಮಿಂದು ಬಂದವರು ಕಾಲಿನ ಮರಳನ್ನು ತೊಳೆದುಕೊಳ್ಳಲಿಕ್ಕೆ ಅದರ ಉಪಯೋಗ.

"ಎಲ್ಲಾ ಒಂದೇ ಪೈಪು. ನೀರು ತಾನಾಗಿ ಇಳಿದಿರ್ತದ. ನಿನಗಿದು ತಿಳಿಯೂದಿಲ್ಲ" ಎಂದೆ. ಅವಳು ಮತ್ತೆ ಮಾತನಾಡಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ನೀರು ತುಂಬಿಸಿ ಪಂಪನ್ನು ಹಚ್ಚಿದೆ. ಎಲ್ಲ ನಳಗಳನ್ನು ಮುಚ್ಚಿದಾಗ ಪಂಪು ತಾನಾಗಿ ನಿಲ್ಲಬೇಕು, ಅದು ನಿಲ್ಲಲಿಲ್ಲ. ಕಾರಣ ಹುಡುಕುತ್ತ ನಾನು ಅಡಿಗೆಕಟ್ಟೆಯ ಕೆಳಗೆ ತಲೆಯಿಟ್ಟಿದ್ದಾಗ, ಆಚೆಯ ಗೋಡೆಯೊಳಗಿಂದ ನೀರು ಇಳಿದು ಮಂಚದ ಕೆಳಗೆ ಹರಡಿತು. ಹೊರಗಿನ ನಳದ ಪ್ಲಾಸ್ಟಿಕ್ ದೇಹವು ಉಗುರಿನುದ್ದ ಸೀಳಿತ್ತು. ಅಲ್ಲಿ ಉಳಿದಿದ್ದ ನೀರು ಒಂದು ಬಟ್ಟಲಿಗಿಂತ ಹೆಚ್ಚಿರಲಾರದು. ನೆಲದ ಪ್ಲೈವುಡ್ ಉಬ್ಬಿತು. ಗೋಡೆಯ ಒಂದು ಭಾಗವನ್ನು ಬಿಚ್ಚಬೇಕಾಯಿತು. ಆ ಬೇಸಿಗೆಯ ಯೆಲ್ಲೊಸ್ಟೋನ್ ಪ್ರವಾಸಕ್ಕೆಂದು ಕೂಡಿಟ್ಟ ಹಣ ರಿಪೇರಿಗೆ ಹೋಯಿತು. ಮಡದಿಯು ಹಳೆಯ ಹೊದಿಕೆಗಳನ್ನು ತಂದು ನೀರನ್ನು ಒರೆಸಿದಳು. "ನಾ ಹೇಳಿದ್ದೆ" ಎಂಬ ಮಾತು ಅಂದೂ ಅವಳ ಬಾಯಿಂದ ಬರಲಿಲ್ಲ, ಮುಂದೆಯೂ ಬರಲಿಲ್ಲ. ನಾನೂ ತಪ್ಪಾಯಿತೆಂದು ಹೇಳಲಿಲ್ಲ.

ಅದೇ ಶರತ್ಕಾಲ ಅವಳೇ ನೆರೆಮನೆಯ ವೃದ್ಧರ ಬಳಿಗೆ ಹೋಗಿ ಈ ಕೆಲಸದ ಕ್ರಮವನ್ನು ಕೇಳಿ, ನೋಟುಬುಕ್ಕಿನ ಹಾಳೆಯೊಂದರಲ್ಲಿ ಕನ್ನಡದಲ್ಲಿ ಬರೆದುಕೊಂಡು ಬಂದಳು. ಬಿಸಿನೀರಿನ ಹಂಡೆಯ ಗ್ಯಾಸು, ವಿದ್ಯುತ್ತು ಎರಡನ್ನೂ ಮೊದಲು ಆರಿಸಬೇಕು. ಅದು ತಣ್ಣಗಾದ ಮೇಲೆ ಬಿಸಿನೀರಿನ ನಳವನ್ನು ತೆರೆದು ಒತ್ತಡವನ್ನು ಇಳಿಸಿ, ಆಮೇಲೆಯೇ ಹಂಡೆಯ ಬಿರಡೆಯನ್ನು ಬಿಚ್ಚಬೇಕು. ಅವಸರಿಸಿದರೆ ಕುದಿನೀರು ಮೈಮೇಲೆ ಚಿಮ್ಮುತ್ತದೆ. ಮಲಿನ ನೀರಿನ ತೊಟ್ಟಿಗಳನ್ನು ಅದಕ್ಕೆಂದೇ ಇರುವ ಸ್ಥಳದಲ್ಲಿ ಬರಿದು ಮಾಡಬೇಕು. ಶೌಚದ ತೊಟ್ಟಿ ಮೊದಲು, ಬಚ್ಚಲಿನದು ಅನಂತರ. ಹಾಗಾದರೆ ಎರಡನೆಯ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ನೀರು ಸೋಸುವ ಫಿಲ್ಟರನ್ನು ತೆಗೆದಿಡಬೇಕು. ತಗ್ಗಿನ ಬಿರಡೆಗಳನ್ನೂ ಎಲ್ಲ ನಳಗಳನ್ನೂ ತೆರೆದು ನೀರನ್ನು ಇಳಿಸಬೇಕು.

ಇಷ್ಟಾದರೂ ಪಂಪಿನಲ್ಲಿ, ಕೊಳವೆಯ ತಿರುವುಗಳಲ್ಲಿ ನೀರು ಅಡಗಿರುತ್ತದೆ. ಅದಕ್ಕಾಗಿ ನಸುಗೆಂಪು ಬಣ್ಣದ ಆಂಟಿಫ್ರೀಜ್ ದ್ರವವನ್ನು ಹಾಯಿಸುತ್ತಾರೆ. ಪ್ರೊಪಿಲೀನ್ ಗ್ಲೈಕಾಲಿನಿಂದ ಮಾಡಿದ, ಕುಡಿಯುವ ನೀರಿನ ಕೊಳವೆಗಳಿಗೆಂದೇ ತಯಾರಿಸಿದ ದ್ರವವನ್ನೇ ಕೊಳ್ಳಬೇಕು. ಮೋಟಾರು ಎಂಜಿನ್ನುಗಳಿಗೆ ಬಳಸುವ ಎಥಿಲೀನ್ ಗ್ಲೈಕಾಲ್ ವಿಷ. ಹಂಡೆಗೆ ಹೋಗುವ ದಾರಿಯನ್ನು ಬೈಪಾಸ್ ತಿರುಗಿಸಿ ಮುಚ್ಚಬೇಕು. ಇಲ್ಲವಾದರೆ 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್ ದ್ರವವು ಹಂಡೆಯೊಳಗೇ ವ್ಯರ್ಥವಾಗಿ ತುಂಬುತ್ತದೆ. ಮುಚ್ಚಿದರೆ 2-3 ಗ್ಯಾಲನ್ ಸಾಕು. ಪಂಪಿನ ಹೀರುಗೊಳವೆಯನ್ನು ದ್ರವದ ಡಬ್ಬಿಯಲ್ಲಿಟ್ಟು ಒಂದೊಂದೇ ನಳವನ್ನು ತೆರೆಯುತ್ತ, ನೀರು ಹೋಗಿ ಬಣ್ಣ ಬರುವವರೆಗೆ ಕಾಯಬೇಕು. ಕೊನೆಗೆ ಬಚ್ಚಲ ಕೆಳಗಿನ ಬಾಗಿದ ಕೊಳವೆಗಳಿಗೆ ಒಂದೊಂದು ಬಟ್ಟಲು ದ್ರವವನ್ನು ಸುರಿಯಬೇಕು.

ಆ ಹಾಳೆಯಲ್ಲಿ ಒಟ್ಟು 14 ಸಾಲುಗಳಿದ್ದವು. 'ಹೊರಗಿನ ನಳ' ಎಂಬುದು ಎರಡು ಕಡೆ ಬಂದಿತ್ತು: ನೀರು ಇಳಿಸುವಾಗ ಒಮ್ಮೆ, ಬಣ್ಣದ ದ್ರವ ಹಾಯಿಸುವಾಗ ಇನ್ನೊಮ್ಮೆ. ಎರಡೂ ಬಾರಿ ತೆರೆಯಬೇಕಾದುದು ಸರಿಯಾದ ಕ್ರಮವೇ. ಉಳಿದ ನಳಗಳಿಗೆಲ್ಲ ಸೇರಿ 'ಎಲ್ಲಾ ನಳ' ಎಂದು ಬರೆದವಳು ಇದೊಂದನ್ನು ಮಾತ್ರ ಪ್ರತ್ಯೇಕ ಸಾಲಿನಲ್ಲಿ ಬರೆದಿದ್ದಳು. ನಾನು ಅದನ್ನು ಗಮನಿಸಿದೆ. ಆದರೆ ಗಮನಿಸಿದೆನೆಂದು ಹೇಳಲಿಲ್ಲ.

ಅಂದಿನಿಂದ ಹತ್ತು ಶರತ್ಕಾಲ ನಾವಿಬ್ಬರೂ ಕೂಡಿಯೇ ಈ ಕೆಲಸವನ್ನು ಮಾಡಿದೆವು. ನಾನು ಪಂಪಿನ ಬಳಿ ಡಬ್ಬಿ ಹಿಡಿದು ಕುಳಿತುಕೊಳ್ಳುವುದು. ಅವಳು ನಳದಿಂದ ನಳಕ್ಕೆ ಹೋಗಿ "ಬಂತ್ರಿ, ಬಣ್ಣ ಬಂತು" ಎಂದು ಕೂಗುವುದು. ಒಂದು ನಳವೂ ಮತ್ತೆ ಸೀಳಲಿಲ್ಲ. ಯೆಲ್ಲೊಸ್ಟೋನ್‌ಗೂ ಹೋಗಿಬಂದೆವು. 2021ರ ಡಿಸೆಂಬರಿನಲ್ಲಿ ಅವಳು ತೀರಿಕೊಂಡಳು. ಮರುವರ್ಷ ಒಬ್ಬನೇ ಪಂಪಿನ ಬಳಿಗೂ ನಳಗಳ ಬಳಿಗೂ ಓಡಾಡಿ ಹೇಗೋ ಮುಗಿಸಿದೆ. ಟ್ರೇಲರನ್ನು ಮಾರಿಬಿಡಬೇಕೆಂದು ನಿಶ್ಚಯಿಸಿ, ಕೊಳ್ಳುವವರಿಗೆ ತೋರಿಸಿಯೂ ಇದ್ದೆ.

ಅದರ ಮುಂದಿನ ಅಕ್ಟೋಬರಿನಲ್ಲಿ ಹನ್ನೆರಡು ವರ್ಷದ ಮೊಮ್ಮಗಳು ನೆರವಿಗೆ ಬಂದಳು. ಅವಳು ಮನೆಮಾತನ್ನು ಆಡಬಲ್ಲಳು, ಓದಲು ಬಾರದು. ನಾನು ಒಂದೊಂದು ಸಾಲನ್ನು ಓದಿ ಹೇಳಿದಂತೆ ಅವಳು ಬೆರಳಿಟ್ಟು ಗುರುತು ಹಾಕುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು. "ಅಜ್ಜಾ, ಈ ಸಾಲೂ ಮ್ಯಾಲಿನ ಸಾಲೂ ಒಂದೇ ಥರ ಅದಾವ. ಅಜ್ಜಿ ಎರಡು ಸಲ ಯಾಕ ಬರದಾಳ?"

ನೀರನ್ನು ಇಳಿಸುವ ಕ್ರಮವನ್ನಷ್ಟೇ ಹೇಳಿ ಮುಗಿಸಬಹುದಾಗಿತ್ತು. ಆದರೆ ಅಂದು ನಡೆದುದನ್ನೆಲ್ಲ ಹೇಳಿದೆ. ನಿನ್ನ ಅಜ್ಜಿ ಕೇಳಿದ್ದು ಸರಿಯಾಗಿತ್ತು, ನಾನು ಅವಳಿಗೆ ತಿಳಿಯುವುದಿಲ್ಲವೆಂದೆ, ಆಮೇಲೆ ತಪ್ಪಾಯಿತೆನ್ನಲೂ ಇಲ್ಲ ಎಂದೆ. ಹನ್ನೆರಡು ವರ್ಷ ಯಾರಿಗೂ ಹೇಳದ ಮಾತು ಅದು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅದನ್ನ ಮೊದಲು ತಗೀತೀನಿ" ಎಂದು ಹೊರಗಿನ ನಳದ ಕಡೆಗೆ ಹೋದಳು. ತುಸು ಹೊತ್ತಿನಲ್ಲಿ ಆಚೆಯಿಂದ "ಬಣ್ಣ ಬಂತು" ಎಂದು ಕೂಗಿದಳು. ಮೇ ತಿಂಗಳಲ್ಲಿ ನೀರು ತುಂಬಿಸಿದಾಗ ಪಂಪು ತಾನಾಗಿ ನಿಂತಿತು, ನೆಲ ಒಣಗಿತ್ತು. ಟ್ರೇಲರನ್ನು ನಾನು ಮಾರಲಿಲ್ಲ.

ಈ ಸಂಚಿಕೆಯನ್ನು ಓದುವ ಗುರುಹಿರಿಯರು ಎಷ್ಟೋ ಮಕ್ಕಳ ಪ್ರಶ್ನೆಗಳನ್ನು ದಿನವೂ ಕೇಳುವವರು. ನಾನು ಅವರಿಗೆ ಹೇಳಬೇಕಾದುದು ಏನೂ ಇಲ್ಲ. ವಿದ್ಯೆ ಕೊಟ್ಟ ಈ ಶಾಲೆ ನನ್ನನ್ನು ಎಂಜಿನಿಯರನನ್ನಾಗಿ ಮಾಡಿತು. ಕೇಳಿದವರ ಮಾತಿಗೆ ಕಿವಿಗೊಡುವ ಪಾಠವನ್ನೂ ಅಲ್ಲಿಯೇ ಹೇಳಿಕೊಟ್ಟಿದ್ದರು. ಅದನ್ನು ಕಲಿಯಲು ನಾನು ತಡಮಾಡಿದೆ.