ಅಪ್ಪನ ಬೆಲ್ಟಿನ ಕೋಟು

ಹೋದ ವರ್ಷ ನವೆಂಬರಿನಲ್ಲಿ ಮೊಮ್ಮಗ ಬೆಂಗಳೂರಿನಿಂದ ಹಳಿಯಾಳಕ್ಕೆ ಬಂದ. ಅವನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಬೆಳಗಿನ ಬಸ್ಸಿನಿಂದ ಇಳಿದವನ ಮೈಮೇಲೆ ಕಂದು ಬಣ್ಣದ ದಪ್ಪನೆಯ ಕೋಟು, ಸೊಂಟಕ್ಕೆ ಅದೇ ಬಟ್ಟೆಯ ಬೆಲ್ಟು, ಎದೆಯ ಮೇಲೆ ಎರಡು ಉದ್ದನೆಯ ಪಟ್ಟಿ, ಕೆಳಗೆ ಎರಡು ದೊಡ್ಡ ಕಿಸೆ.

"ಅಜ್ಜ, ಹೆಂಗೈತಿ? ನಾರ್ಫಕ್ ಜಾಕೆಟ್ ಅಂತಾರ ಇದಕ್ಕ. ನೂರೈವತ್ತು ವರ್ಷದ ಹಿಂದಿನ ಮಾದರಿ. ಮೊದಲನೇ ಪಗಾರದಾಗ ತಗೊಂಡೆ" ಎಂದ.

"ಎಷ್ಟು ಕೊಟ್ಟಿ?" ಎಂದು ಕೇಳಿದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಮೊದಲು ಬಾಯಿಗೆ ಬರುವ ಪ್ರಶ್ನೆ ಅದೇ.

"ಹನ್ನೊಂದು ಸಾವಿರ."

ನನ್ನ ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ನಾನು ಮಾತ್ರ ಸುಮ್ಮನೆ ಆ ಕೋಟನ್ನೇ ನೋಡುತ್ತ ನಿಂತೆ. ಅಂಥದೇ ಕೋಟು ನಮ್ಮ ಮನೆಯಲ್ಲಿತ್ತು. ಅದು ಈಗ ಯಾಕಿಲ್ಲ ಎಂಬುದನ್ನು ಐವತ್ತು ವರ್ಷಗಳಿಂದ ನಾನು ಯಾರಿಗೂ ಹೇಳಿರಲಿಲ್ಲ.

ಮಕ್ಕಳೇ, ಮೊದಲು ಆ ಕೋಟಿನ ಕಥೆ ಕೇಳಿ. ಇಂಗ್ಲೆಂಡಿನ ಪೂರ್ವಕ್ಕೆ ನಾರ್ಫಕ್ ಎಂಬ ಪ್ರಾಂತ್ಯವಿದೆ. ಮುಂದೆ ಏಳನೆಯ ಎಡ್ವರ್ಡ್ ಎಂದು ರಾಜನಾದ ವೇಲ್ಸ್ ರಾಜಕುಮಾರನಿಗಾಗಿ 1862ರಲ್ಲಿ ಅಲ್ಲಿಯ ಸ್ಯಾಂಡ್ರಿಂಗಮ್ ಎಂಬ ಎಸ್ಟೇಟನ್ನು ಕೊಂಡರು. ಅವನಿಗೂ ಅವನ ಗೆಳೆಯರಿಗೂ ಬೇಟೆಯ ಹುಚ್ಚು. ಆ ದಶಕದಲ್ಲಿ ಈ ಬೆಲ್ಟಿನ ಕೋಟು ಅಂಥವರ ನಡುವೆ ಬಳಕೆಗೆ ಬಂತು. ಸಾಮಾನ್ಯ ಕೋಟು ತೊಟ್ಟು ಬಂದೂಕು ಎತ್ತಿದರೆ ಬೆನ್ನಿನಲ್ಲಿ ಬಿಗಿಯುತ್ತದೆ, ಕೆಳಗಿನ ಅಂಚು ಮೇಲಕ್ಕೆ ಜಗ್ಗುತ್ತದೆ. ಅದಕ್ಕಾಗಿ ಬೆನ್ನಿನಲ್ಲಿ ಅಗಲವಾದ ಮಡಿಕೆ ಇಟ್ಟರು. ತೋಳು ಎತ್ತಿದಾಗ ಮಡಿಕೆ ತೆರೆದುಕೊಳ್ಳುತ್ತದೆ, ಇಳಿಸಿದಾಗ ಮುಚ್ಚಿಕೊಳ್ಳುತ್ತದೆ. ಮಡಿಕೆಯಿಂದ ಕೋಟು ದೊಗಳೆಯಾಗುತ್ತದಲ್ಲ, ಅದನ್ನು ಹಿಡಿದಿಡಲು ಸೊಂಟಕ್ಕೆ ಬೆಲ್ಟು. ತೋಟಾ ತುಂಬಿಕೊಳ್ಳಲು ದೊಡ್ಡ ಕಿಸೆ. ಹೀಗೆ ಪ್ರತಿಯೊಂದಕ್ಕೂ ಒಂದು ಕೆಲಸವಿತ್ತು, ಅಂದಕ್ಕಾಗಿ ಇಟ್ಟದ್ದು ಯಾವುದೂ ಅಲ್ಲ.

ಬಟ್ಟೆಯ ಹೆಸರು ಟ್ವೀಡ್. ಸ್ಕಾಟ್ಲೆಂಡಿನ ಒರಟು ಉಣ್ಣೆಯ ಬಟ್ಟೆ. ಅಲ್ಲಿಯವರು 'ಟ್ವೀಲ್' ಎಂದು ಬರೆದದ್ದನ್ನು ಲಂಡನ್ನಿನ ವ್ಯಾಪಾರಿಯೊಬ್ಬ 'ಟ್ವೀಡ್' ಎಂದು ಓದಿದ, ಆ ಹೆಸರಿನ ನದಿಯೂ ಅಲ್ಲಿರುವುದರಿಂದ ಅದೇ ನಿಂತಿತು ಎಂಬ ಮಾತಿದೆ. ಒಂದು ಅಕ್ಷರ ತಪ್ಪು ಓದಿದರೆ ಏನಾಗುತ್ತದೆ ಎಂದು ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು! ಅಲ್ಲಿಯ ಹ್ಯಾರಿಸ್ ಮುಂತಾದ ದ್ವೀಪಗಳಲ್ಲಿ ನೇಕಾರರು ಇಂದಿಗೂ ತಮ್ಮ ಮನೆಗಳಲ್ಲೇ ಇದನ್ನು ನೇಯುತ್ತಾರೆ. 1993ರಲ್ಲಿ ಬ್ರಿಟನ್ನಿನ ಸಂಸತ್ತು ಒಂದು ಕಾಯ್ದೆಯನ್ನೇ ಮಾಡಿ, ಆ ದ್ವೀಪದವರು ತಮ್ಮ ಮನೆಯಲ್ಲಿ ನೇಯ್ದದ್ದಕ್ಕೆ ಮಾತ್ರ 'ಹ್ಯಾರಿಸ್ ಟ್ವೀಡ್' ಎಂಬ ಹೆಸರು ಎಂದು ಗೊತ್ತುಮಾಡಿತು.

ಅಂಥ ಬಟ್ಟೆ ನಮ್ಮ ಕಾಡಿಗೆ ಹೇಗೆ ಬಂತು? 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ದಾಂಡೇಲಿ, ಹಳಿಯಾಳ, ಸೂಪಾದ ಸಾಗವಾನಿ ಮರದ ಮೇಲೆ ಇಂಗ್ಲಿಷರಿಗೆ ಎಲ್ಲಿಲ್ಲದ ಆಸೆ. ಆ ಕಾಡು ನೋಡಿಕೊಳ್ಳಲು ಬಂದ ಅಧಿಕಾರಿಗಳು ತಮ್ಮ ಕೋಟುಗಳನ್ನೂ ತಂದರು. ನನ್ನ ಅಪ್ಪ ಸೂಪಾ ಕಡೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದ. 1947ರಲ್ಲಿ ಸಾಹೇಬರೊಬ್ಬರು ದೇಶ ಬಿಟ್ಟು ಹೋಗುವಾಗ ಸಾಮಾನು ಹಂಚಿದರಂತೆ. ಒಬ್ಬನಿಗೆ ಲಾಟೀನು, ಒಬ್ಬನಿಗೆ ಮಡಿಸುವ ಕುರ್ಚಿ, ಅಪ್ಪನಿಗೆ ಈ ಬೆಲ್ಟಿನ ಕೋಟು. ಸಾಹೇಬರು ಎತ್ತರದ ಆಳು. ಅಪ್ಪನಿಗೆ ತೋಳು ಅಂಗೈ ದಾಟಿ ಬರುತ್ತಿತ್ತು. ಅವ್ವ ಅದನ್ನು ಎರಡು ಬೆರಳು ಒಳಗೆ ಮಡಿಸಿ ಹೊಲಿದಳು.

ಇಪ್ಪತ್ತೇಳು ವರ್ಷ ಅಪ್ಪ ಅದನ್ನು ತೊಟ್ಟ. ಈಗಿನ ಜೋಯಿಡಾ ತಾಲೂಕಿನ ಕಾಡಿನಲ್ಲಿ ಚಳಿಗಾಲದ ಬೆಳಿಗ್ಗೆ ಹತ್ತು ಹೆಜ್ಜೆ ಮುಂದಿನದು ಕಾಣದಷ್ಟು ಮಂಜು ಇಳಿಯುತ್ತದೆ. ಮಳೆಗಾಲದಲ್ಲಿ ಎಲ್ಲರಂತೆ ಅವನಿಗೂ ಕಂಬಳಿ ಕೊಪ್ಪೆಯೇ ಗತಿ. ಚಳಿಗಾಲಕ್ಕೆ ಕೋಟು. "ಎರಡೂ ಕುರಿನ ಕೊಟ್ಟಿದ್ದು. ಒಂದು ನಮ್ಮ ಕುರಿ, ಒಂದು ಅವರ ಕುರಿ, ಅಷ್ಟ" ಎನ್ನುತ್ತಿದ್ದ. ಅದು ನಿಜವೂ ಹೌದು. ಉಣ್ಣೆಯ ಎಳೆ ಗುಂಗುರಾಗಿರುತ್ತದೆ. ಆ ಗುಂಗುರಿನ ನಡುವೆ ಗಾಳಿ ಸಿಕ್ಕಿಕೊಂಡು ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ನಮ್ಮ ನೇಕಾರರು ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಅವರ ನೇಕಾರರು ಬಟ್ಟೆಯನ್ನು ನೀರಿನಲ್ಲಿ ಬಡಿದು ಗಟ್ಟಿ ಮಾಡುತ್ತಿದ್ದರು.

ಸಾಹೇಬರು ತೋಟಾ ಇಡುತ್ತಿದ್ದ ಕಿಸೆಗಳಲ್ಲಿ ಅಪ್ಪ ಅಡಿಕೆ, ಸುಣ್ಣದ ಡಬ್ಬಿ, ಇಲಾಖೆಯ ಡೈರಿ, ನಮಗಾಗಿ ನೆಲ್ಲಿಕಾಯಿ ಇಟ್ಟುಕೊಳ್ಳುತ್ತಿದ್ದ. ಮರಕ್ಕೆ ಮುದ್ರೆ ಒತ್ತುವ ಸುತ್ತಿಗೆ ಎತ್ತಿ ಹೊಡೆಯುವಾಗ ಬೆನ್ನಿನ ಮಡಿಕೆ ತೆರೆದು ಮುಚ್ಚುವುದನ್ನು ನಾನು ಹುಡುಗನಾಗಿದ್ದಾಗ ಹಿಂದೆ ನಿಂತು ನೋಡಿದ್ದೇನೆ. ಬೇಸಿಗೆ ಬಂತೆಂದರೆ ಕೋಟು ನುಸಿಗುಳಿಗೆಯ ಜೊತೆ ಟ್ರಂಕು ಸೇರುತ್ತಿತ್ತು. ಸಂಜೆ ಅಪ್ಪ ಮನೆಗೆ ಬಂದೊಡನೆ ನಾವು ಅಣ್ಣ ತಮ್ಮಂದಿರು ಆ ಕಿಸೆಗಳಿಗೆ ಕೈಹಾಕಲು ಜಗಳಾಡುತ್ತಿದ್ದೆವು.

ಈಗ ನನ್ನ ತಪ್ಪಿನ ಮಾತು.

ಬಿ.ಕಾಂ. ಮುಗಿಸಿ ನಾನು ಬ್ಯಾಂಕು ಸೇರಿದೆ. ಮೊದಲ ಪಗಾರದಲ್ಲಿ ಆಗಿನ ಕಾಲದ ಫ್ಯಾಷನ್ನಿನ ಸಫಾರಿ ಸೂಟು ಹೊಲಿಸಿಕೊಂಡೆ. ಬೂದು ಬಣ್ಣ, ನಾಲ್ಕು ಕಿಸೆ, ಟೆರಿಲಿನ್ ಬಟ್ಟೆ. 1974ರ ಡಿಸೆಂಬರಿನ ಒಂದು ದಿನ ನಿವೃತ್ತನಾಗಿದ್ದ ಅಪ್ಪ ಪಿಂಚಣಿಯ ಹಣ ತೆಗೆಯಲು ನಮ್ಮ ಶಾಖೆಗೇ ಬಂದ. ಮೈಮೇಲೆ ಅದೇ ಕೋಟು, ಕೆಳಗೆ ಧೋತರ, ಕೈಯಲ್ಲಿ ಹಿತ್ತಾಳೆಯ ಟೋಕನ್. ಬೆಂಚಿನ ಮೇಲೆ ಕುಳಿತು ತನ್ನ ಸಂಖ್ಯೆ ಕರೆಯುವುದನ್ನು ಕಾಯುತ್ತಿದ್ದ. ಹೊಸದಾಗಿ ವರ್ಗವಾಗಿ ಬಂದಿದ್ದ ಸಹೋದ್ಯೋಗಿಯೊಬ್ಬ ಅವನನ್ನು ನೋಡಿ, "ಯಾರಪಾ ಇಂವ? ಬ್ರಿಟಿಷರು ಹೋಗುವಾಗ ಬಿಟ್ಟುಹೋದ ಸಾಮಾನು ಕಂಡಂಗ ಕಾಣಸ್ತಾನ" ಎಂದ. ಕೌಂಟರಿನ ಒಳಗಿದ್ದವರೆಲ್ಲ ನಕ್ಕರು.

ನಾನೂ ನಕ್ಕೆ.

"ಅಂವ ನಮ್ಮ ಅಪ್ಪ" ಎನ್ನಲು ಮೂರೇ ಮಾತು ಸಾಕಿತ್ತು. ನನ್ನಿಂದ ಆಗಲಿಲ್ಲ. ಅಪ್ಪನಿಗೆ ಆ ಮಾತು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವನು ಹಣ ಎಣಿಸಿಕೊಂಡು, ನನ್ನ ಕಡೆ ನೋಡದೆ ಹೊರಟುಹೋದ. ಅಷ್ಟಕ್ಕೇ ನಿಲ್ಲಿಸಿದೆನೇ? ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪಾ, ಇನ್ನ ಮ್ಯಾಲೆ ಬ್ಯಾಂಕಿಗೆ ಆ ಕೋಟು ಹಾಕ್ಕೊಂಡು ಬರಬ್ಯಾಡ" ಎಂದೆ.

ಅಪ್ಪ ತುತ್ತು ಇಳಿಸಿ, "ಆತು" ಎಂದ.

ಬ್ಯಾಂಕಿಗೆ ಅಷ್ಟೇ ಅಲ್ಲ, ಎಲ್ಲಿಗೂ ಅವನು ಅದನ್ನು ಮತ್ತೆ ಹಾಕಲಿಲ್ಲ. ಬಾಕಿ ಚಳಿಗಾಲಗಳನ್ನೆಲ್ಲ ಒಂದು ತೆಳ್ಳನೆಯ ಶಾಲಿನಲ್ಲೇ ಕಳೆದ. ನಾನು ಹೊಸ ಸ್ವೆಟರು ತಂದುಕೊಟ್ಟರೆ, "ಇರಲಿ ಬಿಡಪಾ" ಎಂದು ಮಡಿಸಿ ಇಟ್ಟ. 1986ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಕೋಟನ್ನು ಹಳೆಯ ಸೀರೆಗಳ ಜೊತೆ ಕೌದಿ ಹೊಲಿಯುವ ಸಿದ್ದಿ ಹೆಂಗಸೊಬ್ಬಳಿಗೆ ಕೊಟ್ಟಳು.

ಮೊಮ್ಮಗನಿಗೆ ಇಷ್ಟನ್ನೂ ಹೇಳಿದ್ದು ಅವನು ಬಂದ ಮೂರನೆಯ ದಿನ. ಅದಕ್ಕೆ ಮೊದಲು ಅವನನ್ನು ಮುಂಡಗೋಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರ ವಸತಿಯಿದೆ, ಗಾದೆನ್ ಮತ್ತು ಡ್ರೆಪುಂಗ್ ಎಂಬ ದೊಡ್ಡ ಮಠಗಳಿವೆ. ಚಳಿಗಾಲದಲ್ಲಿ ನಮ್ಮ ಊರುಗಳಲ್ಲಿ ಸ್ವೆಟರ್ ಮಾರುವವರು ಇದೇ ಜನ. ಒಬ್ಬ ಮುದುಕ ಚುಪಾ ಎಂಬ ಅವರ ಉದ್ದನೆಯ ನಿಲುವಂಗಿ ತೊಟ್ಟಿದ್ದ. ಅಂಗಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಸೊಂಟಕ್ಕೆ ಬಟ್ಟೆಯ ಪಟ್ಟಿ ಬಿಗಿದರೆ ಎದೆಯ ಹತ್ತಿರ ಒಂದು ಚೀಲವೇ ಆಗುತ್ತದೆ. ಅದರಿಂದ ಅವನು ಜಪಮಾಲೆ ತೆಗೆದ, ಕನ್ನಡಕ ತೆಗೆದ, ಮೊಮ್ಮಗಳಿಗೆ ಬಿಸ್ಕೀಟನ್ನೂ ತೆಗೆದ. "ನೋಡು, ಇಲ್ಲೂ ಬೆಲ್ಟಿಗೆ ಕೆಲಸ ಐತಿ" ಎಂದೆ. ಮೊಮ್ಮಗ ತನ್ನ ಬೆಲ್ಟು ಮುಟ್ಟಿಕೊಂಡ. ಅದು ಹಿಂಬದಿಯಲ್ಲಿ ಕೋಟಿಗೇ ಹೊಲಿದುಹೋಗಿತ್ತು. ಬಿಗಿ ಮಾಡಲೂ ಬಾರದು, ಬಿಚ್ಚಲೂ ಬಾರದು.

ಮನೆಗೆ ಬಂದು ಟ್ರಂಕಿನಿಂದ ಅವ್ವನ ಕೌದಿ ತೆಗೆದೆವು. ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ತುಂಡಿನ ಪಕ್ಕ ತುಂಡು ಇಟ್ಟು, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ 'ಫೂಲ' ಎಂದು ಮುಕ್ಕೋನದ ತುಂಡುಗಳನ್ನು ಒಂದರ ಮೇಲೊಂದು ಹಚ್ಚುತ್ತಾರೆ. ಫೂಲ ಇಲ್ಲದ ಕೌದಿ ಬೆತ್ತಲೆ ಇದ್ದಂತೆ ಎಂದು ಅವರ ಲೆಕ್ಕ. ಕೆಂಪು ಹಸಿರು ಸೀರೆಗಳ ನಡುವೆ ಕಂದು ತುಂಡುಗಳು ಒಂಬತ್ತು ಸಿಕ್ಕವು. ಒಂದರಲ್ಲಿ ಗುಂಡಿಯ ಕಾಜವೂ ಹಾಗೇ ಇತ್ತು. ಇನ್ನೊಂದರಲ್ಲಿ ಅವ್ವ ತೋಳು ಮಡಿಸಿ ಹೊಲಿದ ದಾರದ ಗುರುತು.

ಮೊಮ್ಮಗ ಒಂದು ಕೈ ಕೌದಿಯ ಮೇಲೆ, ಇನ್ನೊಂದು ತನ್ನ ಕೋಟಿನ ಮೇಲೆ ಇಟ್ಟು ನೋಡಿದ. ಹಿಂದಿನ ಟ್ವೀಡ್ ಗಜಕ್ಕೆ 16 ಔನ್ಸ್ ಅಥವಾ ಅದಕ್ಕಿಂತ ಹೆಚ್ಚು ತೂಗುವುದು ಸಾಮಾನ್ಯವಾಗಿತ್ತು. ಅವನ ಕೋಟಿನ ಬಟ್ಟೆ ಅದರ ಅರ್ಧದಷ್ಟೂ ಇರಲಿಕ್ಕಿಲ್ಲ, ಉಣ್ಣೆಯ ಜೊತೆ ಪಾಲಿಯೆಸ್ಟರ್ ಬೇರೆ. "ಹಂಗಾರ ನಂದು ಸುಳ್ಳು ಕೋಟು" ಎಂದು ಮುಖ ಸಣ್ಣ ಮಾಡಿಕೊಂಡ.

"ಹಂಗಲ್ಲೋ" ಎಂದೆ. ನಕಲು ಎಂದ ಮಾತ್ರಕ್ಕೆ ಕೀಳಲ್ಲ. 1924ರಲ್ಲಿ ಎವರೆಸ್ಟ್ ಏರಲು ಹೋಗಿ ಮರಳಿ ಬಾರದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲಿದ್ದ ಬಟ್ಟೆಯ ಚೂರುಗಳನ್ನು ಅಭ್ಯಾಸಮಾಡಿ ರೇಷ್ಮೆ, ಹತ್ತಿ, ಉಣ್ಣೆಯ ಒಳಬಟ್ಟೆಗಳನ್ನೂ ಗ್ಯಾಬರ್ಡಿನ್ ಕೋಟನ್ನೂ ಹಾಗೇ ಮತ್ತೆ ತಯಾರಿಸಿದರು. 2006ರಲ್ಲಿ ಅವನ್ನು ತೊಟ್ಟು ಎವರೆಸ್ಟಿನ ಬುಡದಲ್ಲಿ ಓಡಾಡಿ ನೋಡಿದರು. ಇಷ್ಟು ತೆಳ್ಳನೆಯ ಬಟ್ಟೆಯಲ್ಲಿ ಹೋದದ್ದು ಹುಚ್ಚುತನ ಎಂದುಕೊಂಡವರಿಗೆ, ಆ ಬಟ್ಟೆ ಹಗುರ, ಬೆಚ್ಚಗೆ, ಕೈಕಾಲಿಗೆ ಸಲೀಸು ಎಂದು ಗೊತ್ತಾಯಿತು. ನಕಲು ಮಾಡಿದ್ದರಿಂದಲೇ ಹಿಂದಿನವರ ಬುದ್ಧಿವಂತಿಕೆ ತಿಳಿಯಿತು. ನೋಡಲಿಕ್ಕೆ ಅಷ್ಟೇ ನಕಲು ಮಾಡಿದರೆ ಬೆಲ್ಟು ಬಿಚ್ಚಲು ಬಾರದಂತಾಗುತ್ತದೆ.

ಇನ್ನೊಂದು ತಮಾಷೆ ಹೇಳಿದೆ. ನಾಲ್ಕು ಕಿಸೆಯ, ಸೊಂಟಕ್ಕೆ ಬೆಲ್ಟಿನ ಖಾಕಿ ಸಫಾರಿ ಕೋಟು ಬಿಸಿಲ ನಾಡುಗಳಲ್ಲಿ ಬ್ರಿಟಿಷ್ ಸೈನಿಕರು, ಬೇಟೆಗಾರರು ತೊಡುತ್ತಿದ್ದ ಬಟ್ಟೆ. ಅಪ್ಪನ ಕೋಟಿಗೆ ಹತ್ತಿರದ ನೆಂಟ. ಅದರ ಬೆಲ್ಟು ಕಳಚಿದ್ದೇ ನನ್ನ ಸಫಾರಿ ಸೂಟು! ಆ ದಿನ ಕೌಂಟರಿನ ಒಳಗೆ ಕುಳಿತು ನಕ್ಕವನೂ ಬ್ರಿಟಿಷರು ಬಿಟ್ಟುಹೋದದ್ದನ್ನೇ ತೊಟ್ಟಿದ್ದ.

ಮೊಮ್ಮಗ ನಗಲಿಲ್ಲ. "ಮುತ್ತಜ್ಜ ಮತ್ತ ಏನೂ ಅನ್ನಲಿಲ್ಲೇನು?" ಎಂದು ಕೇಳಿದ.

"ಇಲ್ಲ. ನಾನೂ ತಪ್ಪಾತು ಅನ್ನಲಿಲ್ಲ. ಹನ್ನೆರಡು ವರ್ಷ ಟೈಮ್ ಇತ್ತು."

ಮರುದಿನ ನಾವು ದಾಂಡೇಲಿಯ ಹಳೆಯ ಟೇಲರ್ ಒಬ್ಬರ ಹತ್ತಿರ ಕೋಟು ಒಯ್ದೆವು. ಅವರು ತಿರುಗಿಸಿ ಮುರುಗಿಸಿ ನೋಡಿ, "ಮುಂದಿನ ಪಟ್ಟಿ ಬರೇ ಮ್ಯಾಲೆ ಹಚ್ಚ್ಯಾರ್ರಿ. ಆದರ ಬೆನ್ನಿಂದು ಖರೇ ಮಡಿಕಿ ಐತಿ, ಹೊಲಿದು ಮುಚ್ಚ್ಯಾರ ಅಷ್ಟ" ಎಂದರು. ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಬೆಲ್ಟನ್ನೂ ಬಿಡಿಸಿ, ಹಿಂದೆ ಎರಡು ಲೂಪು ಹಚ್ಚಿಕೊಟ್ಟರು. ಮೊಮ್ಮಗ ತೊಟ್ಟು ತೋಳು ಎತ್ತಿದ. ಮಡಿಕೆ ತೆರೆದುಕೊಂಡಿತು.

ನವೆಂಬರ್ ತಿಂಗಳು ಪಿಂಚಣಿದಾರರು 'ಇನ್ನೂ ಬದುಕಿದ್ದೇನೆ' ಎಂದು ಬ್ಯಾಂಕಿಗೆ ಹೋಗಿ ಪ್ರಮಾಣಪತ್ರ ಕೊಡುವ ತಿಂಗಳು. ಹೊರಡುವಾಗ ಮೊಮ್ಮಗ ತನ್ನ ಕೋಟು ಹಿಡಿದು ನಿಂತ. "ಹಾಕ್ಕೋ ಅಜ್ಜ. ಥಂಡಿ ಐತಿ." ನಾನು ಬೇಡವೆಂದೆ. ಅವನು ಬಿಡಲಿಲ್ಲ. ತೋಳು ನನಗೂ ಉದ್ದವೇ ಆಯಿತು.

ಐವತ್ತು ವರ್ಷದ ಹಿಂದೆ ಅಪ್ಪ ಕುಳಿತಿದ್ದ ಬೆಂಚು ಈಗ ಅಲ್ಲಿಲ್ಲ, ಸ್ಟೀಲಿನ ಕುರ್ಚಿಗಳಿವೆ. ಕುಳಿತು ಕಾಯ್ದೆ. ಯಾರಾದರೂ ನಗುತ್ತಾರೇನೋ ಎಂದು ಎದೆ ಡವಗುಟ್ಟಿತು. ಅಪ್ಪನಿಗೂ ಆ ದಿನ ಮಾತು ಕೇಳಿಸಿಯೇ ಇರಬೇಕು ಎಂದು ಅಲ್ಲಿ ಕುಳಿತಾಗ ಗೊತ್ತಾಯಿತು. ಕೌಂಟರಿನ ಒಳಗೆ ಆಡಿದ ಒಂದೊಂದು ಮಾತೂ ಹೊರಗೆ ಕುಳಿತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ನನ್ನ ಸರದಿ ಬಂತು. ಕೌಂಟರಿನ ಹುಡುಗಿ ಕಾಗದ ನೋಡಿ, ಆಮೇಲೆ ನನ್ನನ್ನು ನೋಡಿ, "ಕೋಟು ಭಾಳ ಚಂದ ಐತ್ರಿ ಸರ್. ಎಲ್ಲಿಂದ್ರೀ ಇದು?" ಎಂದಳು.

"ನಮ್ಮ ಅಪ್ಪನ ಕೋಟಿನ ನಕಲವಾ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ.