ಭಟ್ಟಿಯ ಪಾಳಿ ಮತ್ತು ಶ್ರಾವಣದ ಭಜನೆ



ಆಯ್ದಕ್ಕಿ ಮಾರಯ್ಯನವರ ವಚನಗಳಲ್ಲಿ ವೇದಿಕೆಗಳ ಮೇಲಿಂದ ಹೆಚ್ಚಾಗಿ ಕೇಳಿಬರುವುದು ಕಾಯಕದ ಹಿರಿಮೆಯನ್ನು ಸಾರುವ ವಚನ. ಕಾಯಕದಲ್ಲಿ ತಲ್ಲೀನನಾದವನಿಗೆ ಗುರುದರ್ಶನವಾಗಲಿ ಲಿಂಗಪೂಜೆಯಾಗಲಿ ಆ ಹೊತ್ತಿಗೆ ಹಿಂದೆ ಸರಿದರೂ ದೋಷವಿಲ್ಲ, ಜಂಗಮವೇ ಬಂದು ನಿಂತರೂ ಕೈಯ ಕೆಲಸ ನಿಲ್ಲಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಕೇಳುವುದಕ್ಕೆ ಸುಲಭವಾದ ಮಾತು. ಒಂದು ಶ್ರಾವಣದಲ್ಲಿ ಈ ಮಾತು ಐದು ಊರುಗಳ ಐವರು ಭಕ್ತರ ನಡುವೆ ಬಂದು ನಿಂತಿತು.

ಐವರೂ ಕಲಬುರಗಿ ಜಿಲ್ಲೆಯ ಪೂರ್ವಭಾಗದವರು. ಶಹಾಬಾದಿನವರು ಗಣಿಯಲ್ಲಿ ಪರಸಿ ಕಲ್ಲು ಎಬ್ಬಿಸುವವರು. ವಾಡಿಯವರು ಸಿಮೆಂಟು ಕಾರ್ಖಾನೆಯೊಂದರ ಭಟ್ಟಿಯ ವಿಭಾಗದಲ್ಲಿ ಗುತ್ತಿಗೆಯ ಕೆಲಸಗಾರರು. ಚಿತ್ತಾಪುರದವರು ನಿವೃತ್ತ ಶಿಕ್ಷಕರು. ಸೇಡಮಿನವರದು ಕಿರಾಣಿ ಅಂಗಡಿ. ಚಿಂಚೋಳಿಯವರದು ಎಂಟೆಕರೆ ಹೊಲ. ನೆಲದಡಿಯ ಒಂದೇ ಸುಣ್ಣಕಲ್ಲು ಶಹಾಬಾದಿನಲ್ಲಿ ಮನೆಗಳ ನೆಲಹಾಸಾಗುತ್ತದೆ, ವಾಡಿಯಲ್ಲಿ ಸುಟ್ಟು ಸಿಮೆಂಟಾಗುತ್ತದೆ. ಹಾಗೆಯೇ ಈ ಐವರನ್ನು ಭಜನೆಯೊಂದು ಬೇರೆ ಬೇರೆ ರೂಪದಲ್ಲಿ ಕಟ್ಟಿಹಾಕಿತ್ತು: ಚಿಂಚೋಳಿಯ ರೈತರದು ಪೇಟಿ, ವಾಡಿಯವರದು ತಬಲಾ, ಕಲ್ಲುಕುಟಿಗರದು ತಾಳ, ಮಾಸ್ತರರದು ವಚನದ ನಿರೂಪಣೆ, ಅಂಗಡಿಯವರದು ಸ್ಥಳ ಮತ್ತು ದಾಸೋಹ.

ಪ್ರತಿ ವರ್ಷ ಶ್ರಾವಣದ ಕಡೆಯ ಸೋಮವಾರ ರಾತ್ರಿ ಸೇಡಮಿನಲ್ಲಿ ಸೇರುವುದೆಂಬ ಕಟ್ಟಳೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ರೈಲುಮಾರ್ಗ ಚಿತ್ತಾಪುರ, ಮಳಖೇಡ ರೋಡ್ ದಾಟಿ ಸೇಡಮಿಗೆ ಬರುತ್ತದೆ. ಶಹಾಬಾದಿನವರು ವಾಡಿಯಲ್ಲಿಳಿದು ಗಾಡಿ ಬದಲಿಸುವುದು, ಅಲ್ಲಿ ತಬಲಾದವರು ಜೊತೆಗೂಡುವುದು, ಚಿತ್ತಾಪುರದಲ್ಲಿ ಮಾಸ್ತರರು ಹತ್ತುವುದು, ಇದು ವರ್ಷಗಳಿಂದ ನಡೆದುಬಂದ ಪದ್ಧತಿ. ಚಿಂಚೋಳಿಗೆ ರೈಲಿಲ್ಲ, ರೈತರು ಪೇಟಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬರುವರು.

ಆ ವರ್ಷ ಶನಿವಾರ ಸಂಜೆ ವಾಡಿಯಿಂದ ಫೋನು ಬಂದಿತು. ಸೋಮವಾರ ರಾತ್ರಿ ಪಾಳಿಯವರೊಬ್ಬರು ಜ್ವರದಿಂದ ಮಲಗಿದ್ದಾರೆ, ಆ ಪಾಳಿ ತಮಗೆ ಬಿದ್ದಿದೆ, ಬರಲಾಗುವುದಿಲ್ಲ ಎಂದರು ತಬಲಾದವರು. ಅಂಗಡಿಯವರಿಗೆ ಸಿಟ್ಟು ಬಂದಿತು. “ವರ್ಷಕ್ಕೊಮ್ಮೆ ಲಿಂಗದ ಸೇವಾ ಅದ ತಮ್ಮಾ. ನಿನಗೂ ಆರಾಮಿಲ್ಲ ಅಂತ ಹೇಳಿಬಿಡು” ಎಂದರು. ಅತ್ತಣಿಂದ ಬಂದ ಉತ್ತರ ಚಿಕ್ಕದು: “ನಾ ಹೋಗ್ಲಿಲ್ಲಂದ್ರ ಹಗಲು ಪಾಳಿ ಹುಡುಗನ್ನ ಅಲ್ಲೇ ನಿಂದರಸ್ತಾರ ಅಣ್ಣಾರ. ಹೊಸಬ ಅದಾನ, ಮನಿ ದೂರ.”

ಸುಣ್ಣಕಲ್ಲು ಕ್ಲಿಂಕರ್ ಆಗಬೇಕಾದರೆ ಭಟ್ಟಿಯೊಳಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಬ್ಬವೆಂದು ಅದನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲು ಬರುವುದಿಲ್ಲ. ಅದರ ಬಳಿ ಎಂಟು ತಾಸು ದುಡಿದವನನ್ನು ಇನ್ನೆಂಟು ತಾಸು ನಿಲ್ಲಿಸಿದರೆ ಏನಾಗುವುದೆಂದು ಅಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಸೋಮವಾರ ಉಳಿದವರು ಸೇರಿದರು. ತಬಲಾದ ಸ್ಥಾನ ಬರಿದಾಗಿಯೇ ಇದ್ದಿತು. ಬೇರೆಯವರನ್ನು ಕರೆಯೋಣವೆಂದರೆ ಯಾರಿಗೂ ಮನಸ್ಸು ಬರಲಿಲ್ಲ. ನಿರೂಪಣೆಗೆ ಮಾಸ್ತರರು ಬೇಕೆಂದೇ ಮಾರಯ್ಯನವರ ಆ ವಚನವನ್ನು ಎತ್ತಿಕೊಂಡರು. ಅವರು ಅರ್ಥ ಹೇಳಿ ಮುಗಿಸುವ ಮೊದಲೇ ಅಂಗಡಿಯವರು ತಡೆದರು. ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಅಕ್ಕಿ ಆಯುತ್ತಿದ್ದರು; ಬುಟ್ಟಿ ತುಂಬಿದರೆ ಎದ್ದು ಮನೆಗೆ ಹೋಗುವ ಸ್ವಾತಂತ್ರ್ಯ ಅವರಿಗಿತ್ತು. ಹಾಜರಿ ಹಾಕಿಸಿ, ಪಾಳಿ ಹೇರಿ, ಒಂದು ದಿನ ತಪ್ಪಿದರೆ ಕೂಲಿ ಕಡಿಯುವ ದುಡಿಮೆಯನ್ನೂ ಕಾಯಕವೆಂದು ಕರೆದು ಕೈಮುಗಿಯಬೇಕೆ ಎಂಬುದು ಅವರ ಪ್ರಶ್ನೆ. ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದರು.

ಪ್ರಶ್ನೆ ತಪ್ಪಲ್ಲ. ದುಡಿಸಿಕೊಳ್ಳುವವರು ದುಡಿಯುವವರಿಗೆ ಬೋಧಿಸುವುದಕ್ಕೆಂದು ಈ ವಚನ ಹುಟ್ಟಲಿಲ್ಲ. ಇಂದು ಎಷ್ಟೋ ಸಮಾರಂಭಗಳಲ್ಲಿ ಅದು ಹಾಗೆ ಬಳಕೆಯಾಗುತ್ತಿರುವುದು ವಿಷಾದದ ಸಂಗತಿ. ಮಾರಯ್ಯನವರೇ ಒಮ್ಮೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದು ಆಸೆಯೆಂದು ತಿಳಿಹೇಳಿ, ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಮಾಡಿದರು. ಆ ದಂಪತಿಗಳ ಕಾಯಕಕ್ಕೆ ಅಳತೆಯಿದ್ದಿತು, ಇನ್ನೊಬ್ಬರ ಪಾಲಿನ ಅರಿವಿದ್ದಿತು. ಮಾಸ್ತರರು ಕೊನೆಗೆ ಹೇಳಿದ್ದೂ ಇಷ್ಟೇ: “ಅಂವ ಮಾಲಕನ ಸಲುವಾಗಿ ನಿಂತಿಲ್ಲ. ಆ ಹುಡುಗನ ಪಾಲಿನ ಭಾರ ಹೊರಲಿಕ್ಕೆ ನಿಂತಾನ.” ಅಂಗಡಿಯವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಎದ್ದು ಒಳಗೆ ಹೋಗಿ ಹುಗ್ಗಿಯ ಒಲೆ ನೋಡಿಕೊಂಡರು.

ಭಜನೆ ಪೇಟಿ ಮತ್ತು ತಾಳದ ಮೇಲೆ ನಡೆಯಿತು. ಮೊದಲಿನ ಎರಡು ಹಾಡು ಎಳೆದಾಡಿದವು. ಲಯ ಹಿಡಿಯುವವರಿಲ್ಲದೆ ತಾಳದವರು ಮುಂದೆ ಓಡಿದರು. ದಿನವಿಡೀ ಸುತ್ತಿಗೆ ಹಿಡಿದ ಕೈ, ಮೆಲ್ಲಗೆ ಬಡಿಯುವುದು ಅದಕ್ಕೆ ಕಷ್ಟ. ನಡುರಾತ್ರಿಯ ಹೊತ್ತಿಗೆ ಒಂದು ಹದ ಬಂದಿತು. ನೆರೆಮನೆಯವರೂ ಬಂದು ಕುಳಿತರು. ಹೊರಗೆ ಮಳೆ ಹನಿಯುತ್ತಿದ್ದುದರಿಂದ ಚಿಂಚೋಳಿಯವರ ಗಮನ ಮಾತ್ರ ಆಗಾಗ ಬಾಗಿಲಿನತ್ತ ಹೋಗುತ್ತಿತ್ತು. ಹೊಲದಲ್ಲಿ ತೊಗರಿ ಇನ್ನೂ ಎಳೆಯದು, ಅದಕ್ಕೆ ಈ ಮಳೆ ಬೇಕು; ಆದರೆ ಹೆಸರು ಕೊಯ್ಲಿಗೆ ಬಂದಿತ್ತು. ಬಲಿತ ಕಾಯಿಯ ಮೇಲೆ ಎರಡು ದಿನ ಮಳೆ ನಿಂತರೆ ಕಾಳು ಗಿಡದಲ್ಲೇ ಮೊಳಕೆಯೊಡೆಯುತ್ತದೆ.

ಮಂಗಳವಾರ ನಸುಕಿನಲ್ಲಿ ಅವರು ಮೊದಲ ಬಸ್ಸಿಗೆ ಹೊರಟರು. ಪೇಟಿಯನ್ನು ಒಯ್ಯಲಿಲ್ಲ. “ವಾಡಿಗೆ ಒಯ್ರಿ. ಅಂವಾ ಕೇಳ್ಬೇಕು” ಎಂದು ಮಾಸ್ತರರ ಮುಂದಿಟ್ಟು ಹೋದರು. ಅಂಗಡಿಯವರು ಮಾತಾಡದೆ ಒಂದು ಡಬ್ಬಿಯ ತುಂಬ ಗೋಧಿ ಹುಗ್ಗಿ ಹಾಕಿ, ಮೇಲೆ ತುಪ್ಪ ಸುರಿದು, ಬಿಗಿಯಾಗಿ ಮುಚ್ಚಿ ಕೊಟ್ಟರು.

ರೈಲು ಚಿತ್ತಾಪುರದಲ್ಲಿ ನಿಂತಿತು. ಮಾಸ್ತರರು ಇಳಿಯಲಿಲ್ಲ.

ವಾಡಿಯಲ್ಲಿ ತಬಲಾದವರು ಪಾಳಿ ಮುಗಿಸಿ ಆಗತಾನೆ ಮನೆ ಸೇರಿದ್ದರು. ಸ್ನಾನ ಮಾಡಿ ವಿಭೂತಿ ಧರಿಸಿದ್ದರೂ ಕಿವಿಯ ಸಂದಿಯಲ್ಲಿ ಬೂದುಬಣ್ಣದ ಧೂಳು ಉಳಿದಿತ್ತು. ಬಾಗಿಲಲ್ಲಿ ಪೇಟಿಯನ್ನು ಕಂಡು ಅವರಿಗೆ ಮಾತು ಹೊರಡಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿದರು. ಮಾಸ್ತರರಿಗೆ ಪೇಟಿ ಬಾರದು. ತಿದಿ ಒತ್ತಿ ಒಂದೇ ಸ್ವರ ಹಿಡಿದು ಶ್ರುತಿ ಕೊಟ್ಟರು. ತಾಳದವರು ಹಾಡಿದರು. ತಬಲಾ ಮೊದಲ ಹಾಡಿಗೆ ಅಚ್ಚುಕಟ್ಟಾಗಿ ನಡೆಯಿತು. ಎರಡನೆಯ ಹಾಡಿನ ನಡುವೆ ಪೆಟ್ಟು ಸಡಿಲಾಗಿ, ಬೆರಳುಗಳು ಮುಚ್ಚಿಗೆಯ ಮೇಲೆ ನಿಂತುಬಿಟ್ಟವು. ಕುಳಿತಲ್ಲೇ ಗೋಡೆಗೊರಗಿ ಅವರು ನಿದ್ದೆಹೋಗಿದ್ದರು.

ಮಾಸ್ತರರು ತಾಳದವರತ್ತ ನೋಡಿದರು. ತಾಳವನ್ನು ಕೆಳಗಿಟ್ಟು, ದನಿ ತಗ್ಗಿಸಿ, ಹಾಡನ್ನು ಕಡೆಯ ನುಡಿಯವರೆಗೂ ಹಾಡಿದರು.