ಬಕೆಟ್ ಹಿಡಿದ ಕಥೆ

"ಅವನು ಬಾಸ್‌ಗೆ ಬಕೆಟ್ ಹಿಡೀತಾನೆ" ಎಂದರೆ ನಮ್ಮ ಕಡೆ ಮಾನ ಹೋದ ಹಾಗೆ. ಆಫೀಸಿನಲ್ಲಿ ಇಷ್ಟು ವರ್ಷ ಆ ಮಾತಿನಿಂದ ಹೇಗೋ ತಪ್ಪಿಸಿಕೊಂಡಿದ್ದ ನಾನು, ಷಿಕಾಗೊ ಪಕ್ಕದ ಊರಿಗೆ ಬಂದು, ಸ್ವಂತ ಮಗಳಿಗೇ ಐದು ವರ್ಷ ಬಕೆಟ್ ಹಿಡಿದೆ. ಹಿಡಿದದ್ದಷ್ಟೇ ಅಲ್ಲ, ಅದರ ಮೇಲೆ ಕೂತೂ ಕೂತೆ.

ಸಾಫ್ಟ್‌ಬಾಲ್ ಆಡುವ ಹುಡುಗಿಯರ ಅಪ್ಪಂದಿರಿಗೆ ಇಲ್ಲಿ ಅದೊಂದು ಪದವಿ: ಬಕೆಟ್ ಡ್ಯಾಡ್. ಮಗಳು ಪಿಚರ್ ಆಗಬೇಕಾದರೆ ದಿನಾ ಸಂಜೆ ಚೆಂಡು ಎಸೆಯಬೇಕು. ಎಸೆದದ್ದನ್ನು ಹಿಡಿಯಲು ಎದುರಿಗೆ ಯಾರಾದರೂ ಬೇಕು. ಕುಕ್ಕರಗಾಲಲ್ಲಿ ಕೂರಲು ಮಂಡಿ ಒಪ್ಪದ ಅಪ್ಪ, ಚೆಂಡು ತುಂಬಿ ತಂದ ಪ್ಲಾಸ್ಟಿಕ್ ಬಕೆಟ್ಟಿನ ಮೇಲೆಯೇ ಕೂರುತ್ತಾನೆ. ಮೆತ್ತೆ ಅಂಟಿಸಿದ ಮುಚ್ಚಳವೂ ಅಂಗಡಿಯಲ್ಲಿ ಸಿಗುತ್ತದೆ. ಅಷ್ಟು ಜನ ಇದ್ದೇವೆ.

ಒಂಬತ್ತು ವರ್ಷದವಳು ಮೊದಲ ದಿನ ಬಂದು, "ಅಪ್ಪಾ, ಅಂಡರ್‌ಆರ್ಮ್ ಎಸೀತೀನಿ, ಹಿಡೀತೀಯಾ?" ಎಂದಾಗ ನನಗೆ ನಗು ಬಂತು. ಶಿವಮೊಗ್ಗದ ವಠಾರದಲ್ಲಿ ಮಾಲೀಕರ ಕಿಟಕಿ ಗಾಜಿಗೆ ಹೆದರಿ ನಾವು ಆಡುತ್ತಿದ್ದದ್ದೇ ಅಂಡರ್‌ಆರ್ಮ್ ಕ್ರಿಕೆಟ್. ಅದು ಚಿಕ್ಕ ಮಕ್ಕಳಿಗೆ ಹಾಕುವ ಚೆಂಡು, ಇಲ್ಲವೇ 1981ರಲ್ಲಿ ಟ್ರೆವರ್ ಚಾಪೆಲ್ ನ್ಯೂಜಿಲೆಂಡಿನವರಿಗೆ ಸಿಕ್ಸರ್ ಹೊಡೆಯಲು ಬಿಡಬಾರದೆಂದು ನೆಲದ ಮೇಲೆ ಉರುಳಿಸಿ ಬೈಸಿಕೊಂಡ ಚೆಂಡು. ಅದಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕಿರಲಿಲ್ಲ. ಇವಳು ತೋಳನ್ನು ರಾಟೆಯ ಹಾಗೆ ಒಂದು ಪೂರ್ತಿ ಸುತ್ತು ಸುತ್ತಿಸಿ ಬಿಟ್ಟಳು. ಚೆಂಡು ನನ್ನ ಮುಂದೆ ನೆಲಕ್ಕೆ ಬಡಿದು ಪುಟಿದು ಮೊಣಕಾಲ ಕೆಳಗಿನ ಮೂಳೆಗೆ ಬಂದು ಕೂತಿತು. ರಾತ್ರಿ ಆ ಜಾಗ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಇದಕ್ಕೆ ಸಾಫ್ಟ್ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರು ರೀ?" ಹೆಂಡತಿ ಐಸ್ ಇಡುತ್ತಾ ಕೇಳಿದಳು.

ಹುಡುಕಿದೆ. ಡೆನ್ವರಿನ ವೈಎಂಸಿಎಯ ವಾಲ್ಟರ್ ಹ್ಯಾಕನ್‌ಸನ್, 1926ರಲ್ಲಿ. ಅಲ್ಲಿಯವರೆಗೆ ಈ ಆಟವನ್ನು ಊರಿಗೊಂದು ಹೆಸರಿನಲ್ಲಿ ಕರೆಯುತ್ತಿದ್ದರು. ಬೆಕ್ಕಿನ ಮರಿ ಚೆಂಡು, ಕುಂಬಳಕಾಯಿ ಚೆಂಡು ಎಂಬ ಅರ್ಥದ ಹೆಸರುಗಳೂ ಇದ್ದವು. ಅದರ ಹುಟ್ಟೂರು ಮಾತ್ರ ನಮ್ಮ ಮನೆಗೆ ಒಂದು ಗಂಟೆ ದಾರಿಯ ಷಿಕಾಗೊ ಎಂದು ತಿಳಿದಾಗ ನನಗೆ ಏನೋ ಸಂಬಂಧ ಕುದುರಿದಂತಾಯಿತು. 1887ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ದಿನ. ಫ್ಯಾರಗಟ್ ಬೋಟ್ ಕ್ಲಬ್ಬಿನ ಒಳಾಂಗಣದಲ್ಲಿ ಯೇಲ್ ಮತ್ತು ಹಾರ್ವರ್ಡ್‌ನಲ್ಲಿ ಓದಿದ ಗಂಡಸರು ತಮ್ಮ ಕಾಲೇಜುಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾಯುತ್ತಿದ್ದರು. ಯೇಲ್ ಗೆದ್ದ ಸುದ್ದಿ ಬಂತು. ಖುಷಿಯಲ್ಲಿ ಒಬ್ಬ ಬಾಕ್ಸಿಂಗ್ ಗ್ಲೌಸ್ ಎತ್ತಿ ಹಾರ್ವರ್ಡ್‌ನವನ ಮೇಲೆಸೆದ. ಅವನು ಕೈಗೆ ಸಿಕ್ಕ ಕೋಲಿನಿಂದ ಅದನ್ನು ಬಾರಿಸಿದ. ಪಕ್ಕದಲ್ಲಿದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬ ಪತ್ರಕರ್ತ ಆ ಗ್ಲೌಸನ್ನೇ ದಾರದಿಂದ ಬಿಗಿದು ಉಂಡೆ ಮಾಡಿ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದ ಎಂದು ಕಥೆ. ಕೆಲಸವಿಲ್ಲದ ಗಂಡಸರು ಒಂದು ಕಡೆ ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ ಇಸ್ಪೀಟಿನ ಹೊರತಾಗಿ ನನಗೆ ಸಿಕ್ಕ ಉದಾಹರಣೆ ಇದೊಂದೇ.

ಅಂದರೆ ಮೊದಲು ಅದು ನಿಜಕ್ಕೂ ಮೆತ್ತಗೇ ಇತ್ತು. ಷಿಕಾಗೊದಲ್ಲಿ ಈಗಲೂ 16 ಇಂಚು ಸುತ್ತಳತೆಯ ದೊಡ್ಡ ಚೆಂಡನ್ನು ಬರಿಗೈಯಲ್ಲಿ ಹಿಡಿದು ಆಡುವವರಿದ್ದಾರೆ. ನಮ್ಮ ಬೀದಿಯ ಮುದುಕರೊಬ್ಬರು ತಮ್ಮ ಸೊಟ್ಟ ಕಿರುಬೆರಳನ್ನು ಹೆಮ್ಮೆಯಿಂದ ತೋರಿಸುತ್ತಾರೆ. ನನ್ನ ಮಗಳು ಆಡುವುದು 12 ಇಂಚಿನದು, ನಿಂಬೆಹಳದಿ ಬಣ್ಣ, ದಪ್ಪ ಮೂಸಂಬಿಯಷ್ಟು ಗಾತ್ರ. ಕ್ರಿಕೆಟ್ ಚೆಂಡಿಗಿಂತ ಭಾರ. ಹೆಸರು ಮಾತ್ರ ಹಾಗೇ ಉಳಿದಿದೆ.

ಬೇರೆಯವರ ಮನೆಯಲ್ಲಿ ಮಕ್ಕಳು ಬೆಳೆದದ್ದನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ನಮ್ಮಲ್ಲಿ ಹಿತ್ತಲ ಹುಲ್ಲಿನಲ್ಲಿ ಬಕೆಟ್ ಊರಿದ ಗುರುತುಗಳಿವೆ. ಹತ್ತು ವರ್ಷದೊಳಗಿನವರು ಎಸೆಯುವುದು 35 ಅಡಿಯಿಂದ. ಮುಂದಿನ ಗುಂಪಿಗೆ 40. ಆಮೇಲೆ 43, ಕಾಲೇಜಿನವರೆಗೂ ಅಷ್ಟೇ. ಪ್ರತಿ ಸಲವೂ ಅವಳು ಟೇಪು ಹಿಡಿದು ಅಳೆದು, "ಅಪ್ಪಾ, ಹಿಂದೆ ಹೋಗು" ಎನ್ನುತ್ತಿದ್ದಳು. ಹೋಗುತ್ತಿದ್ದೆ.

ಹನ್ನೆರಡನೇ ವಯಸ್ಸಿನ ಒಂದು ಪಂದ್ಯ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಚೆಂಡು ಅವಳ ಮಾತು ಕೇಳುತ್ತಿರಲಿಲ್ಲ. ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟರ್‌ಗೆ ಮೊದಲ ಬೇಸಿಗೆ ಪುಕ್ಕಟೆ ನಡಿಗೆ. ಹಾಗೆ ಒಬ್ಬರ ಹಿಂದೆ ಒಬ್ಬರಂತೆ ಐದು ಜನ ನಡೆದರು. ಮೂರು ಬೇಸೂ ತುಂಬಿದ ಮೇಲೆ ನಡೆದವರೆಲ್ಲ ರನ್ನನ್ನೂ ತಳ್ಳಿಕೊಂಡೇ ಹೋದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೋಚ್ ಇವಳನ್ನು ಹೊರಗೆ ಕರೆದರೆ ಸಾಕಪ್ಪಾ ಎನಿಸುತ್ತಿತ್ತು. ಅವಳು ಬ್ಯಾಟರ್‌ಗೆ ಬೆನ್ನು ಹಾಕಿ ನಿಂತಳು. ಎಸೆಯುವಾಗ ಹಿಂಗಾಲಿನ ತುದಿ ಎಳೆದೆಳೆದು ಮಣ್ಣಿನಲ್ಲಿ ಗುಂಡಿ ಬಿದ್ದಿತ್ತು. ಶೂ ಅಂಚಿನಿಂದ ಸುತ್ತಲಿನ ಮಣ್ಣನ್ನು ಅದಕ್ಕೆ ತುಂಬಿದಳು. ಮೆಟ್ಟಿ ಮಟ್ಟ ಮಾಡಿದಳು. ಅವಸರವೇ ಇಲ್ಲ, ಅಜ್ಜಿ ಅಂಗಳ ಸಾರಿಸಿದ ಹಾಗೆ. ತಿರುಗಿ, ಅದೇ ರಾಟೆಯ ವೇಗದಲ್ಲಿ ತೋಳು ಸುತ್ತಿಸಿ, ಚೆಂಡನ್ನು ಮಾತ್ರ ನಿಧಾನಕ್ಕೆ ಬಿಟ್ಟಳು. ಚೆಂಡು ಬರುವ ಮೊದಲೇ ಬ್ಯಾಟ್ ಬೀಸಿ ಹೋಗಿತ್ತು.

ಪಂದ್ಯ ಸೋತರು, ಬಿಡಿ. ಕಾರಿನಲ್ಲಿ ನಾನು ಗಂಟಲು ಸರಿಮಾಡಿಕೊಂಡೆ. "ಅಪ್ಪಾ, ಏನೂ ಹೇಳ್ಬೇಡ. ಪುಳಿಯೋಗರೆ ಇದ್ಯಾ?" ಎಂದಳು. ಡಬ್ಬಿ ಖಾಲಿ ಮಾಡಿ, ಶೂ ಕೂಡ ಬಿಚ್ಚದೆ ನಿದ್ದೆ ಹೋದಳು.

ಅದೇ ವಯಸ್ಸಿನಲ್ಲಿ ನಾನು ಔಟಾದರೆ ಅಲ್ಲ ಎಂದು ಜಗಳ ತೆಗೆದು, ಬ್ಯಾಟ್ ಎತ್ತಿಕೊಂಡು ಮನೆಗೆ ಹೋಗಿಬಿಡುತ್ತಿದ್ದೆ. ಬ್ಯಾಟ್ ನನ್ನದಾಗಿತ್ತು. ಈ ಗುಂಡಿ ಮುಚ್ಚುವ ಗುಣ ಎಲ್ಲಿಂದ ಬಂತೆಂದು ಹೆಂಡತಿಯನ್ನು ಕೇಳಿದೆ. ಅವಳು ಉತ್ತರ ಹೇಳಲಿಲ್ಲ, ನನ್ನನ್ನು ನೋಡಿದಳು ಅಷ್ಟೆ.

ಕ್ರಿಕೆಟ್ ಬಿಟ್ಟರೆ ಬೇರೆ ಆಟವಿಲ್ಲವೆನ್ನುವ ಗೆಳೆಯನೊಬ್ಬ ಮೊನ್ನೆ, "ಅಂಡರ್‌ಆರ್ಮ್‌ನಲ್ಲಿ ಏನಯ್ಯಾ ಮಹಾ?" ಎಂದ. 2004ರ ಒಂದು ಪ್ರದರ್ಶನ ಪಂದ್ಯದಲ್ಲಿ ಜೆನ್ನಿ ಫಿಂಚ್ ಎಂಬ ಹೆಣ್ಣುಮಗಳು ಆಲ್ಬರ್ಟ್ ಪೂಹೋಲ್ಸ್‌ನಂಥ ಬೇಸ್‌ಬಾಲ್ ದೈತ್ಯನನ್ನು ಇದೇ ಅಂಡರ್‌ಆರ್ಮ್‌ನಿಂದ ಔಟ್ ಮಾಡಿದ್ದನ್ನು ಹೇಳಬಹುದಿತ್ತು. ಹೇಳಲಿಲ್ಲ. ಪ್ಯಾಂಟ್ ಮಡಚಿ ಮೂಳೆ ತೋರಿಸಿದೆ.

ಈ ವಸಂತದಲ್ಲಿ ಟೇಪು 43ಕ್ಕೆ ಬಂತು. ಮಾಸ್ಕ್ ಕಟ್ಟಿಕೊಂಡು, ಮುಚ್ಚಳದ ಧೂಳು ಕೊಡವಿ ಕೂತೆ. ಮೂರನೇ ಚೆಂಡು ನನಗೆ ಕಾಣಲೇ ಇಲ್ಲ. ಬಕೆಟ್ಟಿಗೆ ಬಡಿದ ಸದ್ದು ಮಾತ್ರ ಕೇಳಿಸಿತು. ಅವಳು ಓಡಿ ಬಂದು, "ಅಪ್ಪಾ, ಸಾಕು. ಇನ್ಮೇಲೆ ಟೀಮಿನ ಕ್ಯಾಚರ್ ಹಿಡೀತಾಳೆ" ಎಂದಳು. ನನ್ನ ಮುಖ ನೋಡಿ ಏನನ್ನಿಸಿತೋ, ಸ್ವಲ್ಪ ಯೋಚಿಸಿ ಸೇರಿಸಿದಳು: "ನೀನೂ ಬಾ. ಬಕೆಟ್ ತಗೊಂಡು ಬಾ. ಚೆಂಡು ಹೆಕ್ಕಬೇಕಲ್ಲ."